ಪರದೆಯಲ್ಲಿ ಉಳಿದ ಹಳೇ ಚೂರು

ಸ್ಕ್ಯಾನಿಂಗ್ ಯಂತ್ರ ತಯಾರಿಸುವ ಆ ಸಣ್ಣ ಕಂಪನಿಯಲ್ಲಿ ಆಕೆಗೆ ಅದು ಹದಿನಾರನೆಯ ವರ್ಷ. ಯಂತ್ರದ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಅಂದರೆ ಕರ್ನೆಲ್, ಆಕೆಯ ಪಾಲಿನ ಕೆಲಸ. ಅದೇ ಹೆಸರು ಅಂಟಿಕೊಂಡು ಆಫೀಸಿನವರೆಲ್ಲ ‘ಕರ್ನೆಲ್ ಅಕ್ಕ’ ಎನ್ನುತ್ತಿದ್ದರು. ಸರಿಯಿದ್ದಾಗ ಯಾರಿಗೂ ನೆನಪಾಗದ, ಕೆಟ್ಟಾಗ ಮಾತ್ರ ಎಲ್ಲರ ಕಣ್ಣಿಗೆ ಬೀಳುವ ಕೆಲಸ ಅದು.

ಒಂದು ಆಸ್ಪತ್ರೆಯ ಸ್ಕ್ಯಾನಿಂಗ್ ಡಾಕ್ಟರು ಮೂರು ಸಲ ದೂರಿದ್ದರು: ಹೊಸ ರೋಗಿಯ ಮೊದಲ ಚಿತ್ರದಲ್ಲಿ ಒಮ್ಮೊಮ್ಮೆ ಹಿಂದಿನ ರೋಗಿಯ ಚಿತ್ರದ ಚೂರೊಂದು ಉಳಿದಿರುತ್ತದೆ. ಮೂರು ಸಲವೂ ಕಂಪನಿಯ ಉತ್ತರ ಒಂದೇ, ‘ಆಫ್ ಮಾಡಿ ಆನ್ ಮಾಡಿ.’ ನಾಲ್ಕನೆಯ ಸಲ ಅವರು ನೇರವಾಗಿ ಆಕೆಗೇ ಫೋನು ಮಾಡಿದರು.

“ನೋಡಿ ಮೇಡಂ, ಮಗು ಎದೆ ಹತ್ರ ಏನೋ ಕಾಣ್ತು ಅಂತ ಏಳು ತಿಂಗಳ ಬಸುರಿಯೊಬ್ಬರನ್ನ ಎರಡು ಸಲ ವಾಪಸ್ ಕರೆಸಿದೀನಿ. ಪಾಪ, ಒಂದು ವಾರ ನಿದ್ದೆ ಮಾಡಿಲ್ಲ ಆ ಹೆಣ್ಣುಮಗಳು. ಕೊನೆಗೆ ನೋಡಿದ್ರೆ ಅದು ಮಗುದೇ ಅಲ್ಲ. ಅದಕ್ಕೂ ಮುಂಚೆ ಬಂದಿದ್ದ ಅಜ್ಜನ ಪಿತ್ತಕೋಶದ್ದು.”

ಆಕೆ ಯಂತ್ರದ ನಂಬರು ಕೇಳಿ ಬರೆದುಕೊಂಡಳು.

ಮುಂದಿನ ಐದು ವಾರ ಆಕೆ ಆ ಚೂರಿನ ಬೆನ್ನು ಹತ್ತಿದಳು. ಇನ್ನೂರು ಸಲ ಸ್ಕ್ಯಾನ್ ಮಾಡಿದರೆ ಒಂದು ಸಲ ಕಾಣಿಸುತ್ತಿತ್ತು. ಎಲ್ಲಿ ತಪ್ಪುತ್ತಿದೆ ಎಂದು ತಿಳಿಯಲು ಕೋಡಿನಲ್ಲಿ ಒಂದು ಸಾಲು ಸೇರಿಸಿದರೆ ಸಾಕು, ಚೂರು ಮಾಯ. ಸಾಲು ತೆಗೆದರೆ ಮತ್ತೆ ಹಾಜರು. “ನಮ್ಮ ಬೋರ್ಡ್ ಗಟ್ಟಿಯಾಗಿದೆ, ನಿಮ್ದೇ ನೋಡ್ಕೊಳ್ಳಿ” ಎಂದು ಹಾರ್ಡ್‌ವೇರ್‌ನವನು ಕೈತೊಳೆದುಕೊಂಡ. ಮ್ಯಾನೇಜರ್ ದಿನಕ್ಕೆರಡು ಸಲ ಬಂದು “ಎಲ್ಲಿಗೆ ಬಂತು?” ಎನ್ನುತ್ತಿದ್ದ. ಎಲ್ಲಿಗೂ ಬಂದಿರಲಿಲ್ಲ.

ಮನೆಯಲ್ಲೂ ಸಿಡಿಮಿಡಿ. ಗಂಡ ಪಾತ್ರೆ ಸದ್ದು ಮಾಡಿದರೆ ರೇಗಾಟ, ಮಗಳು ಪೆನ್ನು ಕೇಳಿದರೆ ರೇಗಾಟ. ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದು ನಿವೃತ್ತರಾಗಿದ್ದ ಅತ್ತೆ ಒಂದು ಸಂಜೆ ಕೇಳಿಯೇಬಿಟ್ಟರು.

“ಏನಮ್ಮಾ ಆಗಿದೆ ನಿಂಗೆ?”

“ಕ್ಯಾಶ್ ತೊಂದ್ರೆ ಅತ್ತೆ.”

“ಸಂಬಳ ಕೊಟ್ಟಿಲ್ವಾ? ನನ್ನ ಪೆನ್ಷನ್ ಇದೆ, ತಗೋ.”

ಎಷ್ಟೋ ದಿನಗಳ ಮೇಲೆ ಆಕೆಗೆ ನಗು ಬಂತು. “ಆ ಕ್ಯಾಶ್ ಅಲ್ಲ. ಚಿತ್ರ ಮೆಮೊರಿಗೆ ಬಂದು ಬೀಳತ್ತೆ. ಪ್ರೊಸೆಸರು ಪ್ರತಿ ಸಲ ಅಲ್ಲಿವರೆಗೂ ಹೋಗಲ್ಲ, ಒಂದು ನಕಲು ಪಕ್ಕದಲ್ಲೇ ಇಟ್ಕೊಂಡಿರತ್ತೆ. ಅದಕ್ಕೆ ಕ್ಯಾಶ್ ಅಂತಾರೆ. ಅಲ್ಲಿ ಹೊಸ ಚಿತ್ರ ಬಂದಿದ್ರೂ ಇದು ಹಳೇ ನಕಲನ್ನೇ ತೋರಿಸ್ತಿದೆ ಅನ್ಸತ್ತೆ. ಆದ್ರೆ ಆ ಜಾಗಕ್ಕೆ ನಕಲು ಬೇಡ ಅಂತ ನಾನೇ ಬರೆದಿದ್ದೆ.”

“ಬರೆದಿದ್ದು ಹಾಗೇ ಇದೆಯಾ, ನೋಡಿದ್ಯಾ?”

ಆಕೆಗೆ ಮತ್ತೆ ರೇಗಿತು. ತನ್ನ ಸಾಲನ್ನು ಯಾರು ಮುಟ್ಟುತ್ತಾರೆ?

ಮರುದಿನ ಬೆಳಗ್ಗೆ ಆ ಕೋಡನ್ನೇ ತೆರೆದು ನೋಡಿದಳು. ಮೆಮೊರಿಯ ಆ ಜಾಗವನ್ನು ಚಿತ್ರ ತೋರಿಸುವ ಪ್ರೋಗ್ರಾಮಿಗೆ ಜೋಡಿಸಿಕೊಡುವ ಕೋಡಿನಲ್ಲಿ ‘ನಕಲು ಬೇಡ’ ಎನ್ನುವ ಸಾಲು ಇರಲಿಲ್ಲ. ಚಿತ್ರ ಬೇಗ ಮೂಡಲಿ ಎಂದು ಸಹೋದ್ಯೋಗಿಯೊಬ್ಬ ಹದಿನಾಲ್ಕು ತಿಂಗಳ ಹಿಂದೆ ಅದನ್ನು ತೆಗೆದಿದ್ದ. ಪರಿಶೀಲಿಸಿ ಒಪ್ಪಿದವರ ಜಾಗದಲ್ಲಿ ಆಕೆಯದೇ ಹೆಸರು. ಅವತ್ತು ಮಗಳಿಗೆ ಜ್ವರ ಎಂದು ಶಾಲೆಯಿಂದ ಕರೆ ಬಂದಿತ್ತು. ಓದದೆಯೇ ಒಪ್ಪಿಗೆ ಒತ್ತಿ ಓಡಿದ್ದಳು. ಬೇರೆಯವರ ತಪ್ಪಾಗಿದ್ದರೆ ಕೂಗಾಡಿ ಹಗುರಾಗಬಹುದಿತ್ತು.

“ಹೊಸ ಮಾಡೆಲ್‌ನಲ್ಲಿ ಸರಿ ಮಾಡೋಣ” ಎಂದ ಮ್ಯಾನೇಜರ್. “ಹಳೇ ಯಂತ್ರಗಳ ಸುದ್ದಿ ಎತ್ತೋದು ಬೇಡ. ವೇಗ ಕಮ್ಮಿಯಾದ್ರೆ ಗಿರಾಕಿಗಳು ಕೇಳ್ತಾರೆ.”

“ಮಗು ಎದೇಲಿ ಅಜ್ಜನ ಪಿತ್ತಕೋಶ ಯಾಕಿದೆ ಅಂತ ಕೇಳಿದ್ರೆ ನೀವು ಉತ್ತರ ಕೊಡ್ತೀರಾ?”

ಆಕೆ ತನ್ನ ತಪ್ಪನ್ನೂ ಸೇರಿಸಿ ಮಾಲೀಕರಿಗೆ ಎರಡು ಪುಟ ಬರೆದಳು. ವೇಗ ಉಳಿಯಲೆಂದು ಬೇರೆ ದಾರಿ ಹಿಡಿದಳು: ಪ್ರತಿ ಹೊಸ ಚಿತ್ರ ಓದುವ ಮುನ್ನ ಹಳೇ ನಕಲನ್ನು ಎಸೆದುಬಿಡುವುದು. ನಲವತ್ತು ಸಾವಿರ ಸಲ ಪರೀಕ್ಷಿಸಿದರೂ ಚೂರು ಕಾಣಿಸಲಿಲ್ಲ. ಮಾಲೀಕರು ಒಪ್ಪಿದ ಮೇಲೆ ಮೂವತ್ತೊಂದು ಆಸ್ಪತ್ರೆಗಳ ಯಂತ್ರಗಳಿಗೂ ಆ ತಿದ್ದುಪಡಿ ಹೋಯಿತು. ಜೊತೆಗಿದ್ದ ಕಂಪನಿಯ ಟಿಪ್ಪಣಿಯಲ್ಲಿ ಮಾತ್ರ ‘ಸಣ್ಣಪುಟ್ಟ ಸುಧಾರಣೆಗಳು’ ಎಂದಿತ್ತು. ಓದಿ ಆಕೆಗೆ ಮೈಯೆಲ್ಲ ಉರಿಯಿತು.

ಡಾಕ್ಟರಿಗೆ ತಾನೇ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ಆ ಬಸುರಿ ಹೆಂಗಸಿನ ವಿಷಯವನ್ನೂ ಕೇಳಿದಳು.

“ಮಗು ಹುಟ್ತಂತೆ, ಚೆನ್ನಾಗಿದೆಯಂತೆ. ನಮ್ಮಲ್ಲಿಗೆ ಬರ್ಲಿಲ್ಲ, ಬೇರೆ ಆಸ್ಪತ್ರೆಗೆ ಹೋದ್ರು.”

ಅವತ್ತು ತಂಡದವರು ಕೋಡಿನಲ್ಲಿ ಮಾಡಿದ್ದ ಹನ್ನೊಂದು ಬದಲಾವಣೆಗಳು ಆಕೆಯ ಒಪ್ಪಿಗೆಗೆ ಕಾದಿದ್ದವು. ಸಂಜೆಯ ಹೊತ್ತಿಗೆ ಓದಿ ಮುಗಿದದ್ದು ಎರಡೇ. ತಡವಾಗುತ್ತಿದೆ ಎಂದು ತಂಡದವರು ಗೊಣಗಿದರು. ಗೊಣಗಲಿ ಎಂದುಕೊಂಡು ಮೂರನೆಯದನ್ನು ತೆರೆದಳು.