ಚಾಚಾ ಅವರ ಎಡಗಡೆಯ ಮಾನಿಟರ್

ಶಹಾಪುರದ ಮುದ್ರಣಾಲಯವೊಂದರ ಮಾಲೀಕರು ತಮ್ಮ ತಪ್ಪನ್ನು ಕಂಪೋಸಿಂಗ್ ಚಾಚಾ ಅವರ ತಲೆಗೆ ಕಟ್ಟಿ, ಊರ ಜನರೆದುರು ಅವರನ್ನು ಕೆಲಸದಿಂದ ಬಿಡಿಸಿದರು. ಆ ಜನ ಸುಮ್ಮನೆ ನಿಂತು ನೋಡಿದರು. ಆದ ಅನ್ಯಾಯ ಇದು, ಮೊದಲೇ ಬರೆದುಬಿಟ್ಟಿದ್ದೇನೆ. ಇನ್ನು ಆ ಮನುಷ್ಯನ ವಿಷಯ.

ಚಾಚಾ ಅವರ ಕುತ್ತಿಗೆ ಸದಾ ಎಡಕ್ಕೆ ತುಸು ವಾಲಿರುತ್ತಿತ್ತು. ಚಹಾ ಕುಡಿಯುವಾಗಲೂ, ನಮಾಜಿಗೆ ಹೊರಟಾಗಲೂ ಹಾಗೆಯೇ. ಅದಕ್ಕೆ ಕಾರಣ ಅವರ ಮೇಜಿನ ಮೇಲಿದ್ದ ಎರಡು ಮಾನಿಟರ್‌ಗಳು. ಎದುರಿನದರಲ್ಲಿ ಹಳೆಯ ಮದುವೆ ಪತ್ರಿಕೆಯೊಂದನ್ನು ಮಾದರಿಗೆಂದು ತೆರೆದಿಟ್ಟುಕೊಂಡು, ಎಡಗಡೆಯದರಲ್ಲಿ ಹೊಸ ಪತ್ರಿಕೆ ಜೋಡಿಸುತ್ತಿದ್ದರು. ಎಡಗಡೆಯ ಮಾನಿಟರ್ ಬೆಂಚಿನ ಕಡೆಗೆ ಓರೆಯಾಗಿ ತಿರುಗಿರುತ್ತಿತ್ತು. ಪತ್ರಿಕೆ ಮಾಡಿಸಲು ಬಂದ ಮನೆಮಂದಿ ಆ ಬೆಂಚಿನಲ್ಲಿ ಕುಳಿತು, ತಮ್ಮ ಮನೆಯ ಮದುವೆ ಸಾಲು ಸಾಲಾಗಿ ಮೂಡುವುದನ್ನು ಕಾಣುತ್ತಿದ್ದರು.

ಮನೆಯ ಹಿರಿಯರು ತಮ್ಮ ಹೆಸರನ್ನು ತಾವೇ ಕಂಡು ಒಪ್ಪಬೇಕು ಎಂಬುದು ಚಾಚಾ ಅವರ ಕಟ್ಟಳೆ. ಓದು ಬಾರದವರಿಗೆ ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳುವರು. “ಹಿರೇರು ಹೂಂ ಅನ್ನೋತನಕ ಪ್ರಿಂಟಿಗೆ ನನ್ನ ಕೈ ಹೋಗಂಗಿಲ್ರಿ” ಎನ್ನುವರು. ಯಾವುದೋ ಅಜ್ಜಿ ಒಮ್ಮೆ, ಶುಭಕಾರ್ಯವೆಂದು, ಆ ಮಾನಿಟರ್‌ನ ಚೌಕಟ್ಟಿನ ಮೂಲೆಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿದಳು. ಅಂದಿನಿಂದ ಅದೊಂದು ಪದ್ಧತಿಯಾಯಿತು. ಮುಸಲ್ಮಾನರ ಮನೆಯ ಹಿರಿಯರು ಬಿಸ್ಮಿಲ್ಲಾ ಎಂದು ಅದೇ ಚೌಕಟ್ಟನ್ನು ಮುಟ್ಟಿ ಏಳುತ್ತಿದ್ದರು. ಚಾಚಾ ಕನ್ನಡಕದ ಬಟ್ಟೆಯಿಂದ ದಿನವೂ ಗಾಜು ಒರೆಸುವರು, ಆ ಮೂಲೆಯನ್ನು ಮಾತ್ರ ಬಿಡುವರು. “ಅಜ್ಜಿ ಹಚ್ಚಿದ್ದು ಒರಸ್ಲಾಕ ನಾ ಯಾರ್ರಿ ಮಾಸ್ತರ?”

ನಾನು ಅವರನ್ನು ಬಲ್ಲದ್ದು ಶಾಲೆಯ ಪ್ರಶ್ನೆಪತ್ರಿಕೆಗಳಿಂದ. ಅವುಗಳ ಕೆಲಸವಿದ್ದ ದಿನ ಮಾತ್ರ ಎಡಗಡೆಯ ಮಾನಿಟರನ್ನು ಗೋಡೆಗೆ ತಿರುಗಿಸಿ, ಮೇಲೊಂದು ಟವೆಲ್ ಹೊದಿಸುತ್ತಿದ್ದರು. ನಾನು ಸೇವೆಯಲ್ಲಿದ್ದಷ್ಟು ಕಾಲ ಆ ಮೇಜಿನಿಂದ ಒಂದೇ ಒಂದು ಪ್ರಶ್ನೆಯೂ ಹೊರಗೆ ಹೋಗಲಿಲ್ಲ. ನನ್ನ ಹೆಸರು ಉಳಿದಿದ್ದರೆ ಅದರಲ್ಲಿ ಅವರ ಪಾಲಿದೆ. ನಿವೃತ್ತನಾದ ಮೇಲೂ ನಾನು ಆ ಬೆಂಚು ಬಿಡಲಿಲ್ಲ.

ಆಮೇಲೆ ಮಾಲೀಕರು ಅಂಗಡಿಯಲ್ಲೆಲ್ಲ ಕ್ಯಾಮೆರಾ ಕೂರಿಸಿದರು. ಯಾರು ಎಷ್ಟು ಹೊತ್ತು ಕೆಲಸ ಮಾಡುತ್ತಾರೆಂದು ಕುಳಿತಲ್ಲಿಂದಲೇ ನೋಡಲು ಅವರಿಗೊಂದು ಮಾನಿಟರ್ ಬೇಕಾಯಿತು. ಎಡಗಡೆಯದನ್ನು ಕಿತ್ತು ತಮ್ಮ ಕುರ್ಚಿಯ ಮೇಲ್ಗಡೆಯ ಗೋಡೆಗೆ ಹಾಕಿಸಿಕೊಂಡರು.

“ಚಾಚಾ, ಎರಡು ಮಾನಿಟರ್ ಹಳೇ ಮಂದಿ ರೂಢಿ. ಒಂದರಾಗ ನಾಕು ಡೆಸ್ಕ್‌ಟಾಪ್ ಮಾಡಿ ಕೊಟ್ಟೀನಿ. ಬಟನ್ ಒತ್ತಿದ್ರ ಒಂದು ಹೋಗ್ತದ, ಇನ್ನೊಂದು ಬರ್ತದ. ನಾಕು ಟೇಬಲ್ ಇದ್ದಂಗ.”

“ಕಾಣಲಾರದ ಟೇಬಲ್ ಮ್ಯಾಲ ಏನದ ಅಂತ ತಲ್ಯಾಗ ಇಟ್ಕೋಬೇಕಲ್ರಿ ಸಾಹೇಬ್ರ? ಮತ್ತ ಬೆಂಚಿನ ಮಂದಿಗಿ ಏನ್ ತೋರಿಸ್ಲಿ?”

“ಮೊಬೈಲಿಗಿ ಕಳಸ್ರಿ. ಜಮಾನಾ ಬದಲಾಗ್ಯಾದ.”

ಆ ವರ್ಷದ ಮದುವೆ ಹಂಗಾಮಿನಲ್ಲಿ ಗೋಗಿ ಊರಿನದೊಂದು, ಸಗರ ಊರಿನದೊಂದು ಪತ್ರಿಕೆ ಜೊತೆಯಲ್ಲೇ ನಡೆದಿದ್ದವು. ಗೋಗಿಯ ಮನೆಯ ಅಜ್ಜ ತೀರಿಕೊಂಡಿದ್ದರು. ಸಗರದ ಅಜ್ಜ ಗಟ್ಟಿಮುಟ್ಟಾಗಿದ್ದರು. ಒಂದು ಡೆಸ್ಕ್‌ಟಾಪಿನಿಂದ ಇನ್ನೊಂದಕ್ಕೆ ಹಾರುವ ಗಡಿಬಿಡಿಯಲ್ಲಿ, ಮಾದರಿಗೆ ಎತ್ತಿಕೊಂಡಿದ್ದ ಗೋಗಿಯ ಪತ್ರಿಕೆಯ ‘ದಿವಂಗತ’ ಸಗರದ ಅಜ್ಜನ ಹೆಸರಿನ ಹಿಂದೆ ಉಳಿದುಬಿಟ್ಟಿತು. ಮೊಬೈಲಿಗೆ ಬಂದದ್ದನ್ನು ಸಗರದ ಮದುಮಗ ಬಸ್ಸಿನಲ್ಲಿ ನಿಂತೇ ನೋಡಿ, ಹೆಬ್ಬೆರಳಿನ ಚಿತ್ರ ಕಳಿಸಿದ. ಪತ್ರಿಕೆ ಅಚ್ಚಾಗಿ ಊರೂರಿಗೆ ಹಂಚಿಹೋಯಿತು.

ಅಜ್ಜ ತಾವೇ ಬಂದರು. ಬಾಗಿಲಲ್ಲೇ ಕೋಲು ಕುಟ್ಟಿದರು. “ಯಾರಪಾ ಇಲ್ಲಿ ನನ್ನ ಮಣ್ಣು ಮಾಡಿದಾಂವ? ಬೀಗರು ಫೋನ್ ಹಚ್ಚಿ, ಅಜ್ಜಾರು ಯಾವಾಗ ಹೋದ್ರು ಅಂತ ನನಗೇ ಕೇಳ್ಯಾರ!”

ಬೆಂಚಿನಲ್ಲಿದ್ದವರೆಲ್ಲ ನಕ್ಕರು. ಚಾಚಾ ನಗಲಿಲ್ಲ. ಎದ್ದು ಕೈಮುಗಿದರು. “ತಪ್ಪು ನಂದು ಯಜಮಾನ್ರ. ನಿಮ್ಮನ್ನ ಇಲ್ಲಿ ಕೂಡಿಸಿ ತೋರಿಸಿದ್ರ ಹಿಂಗ ಆಗ್ತಿದ್ದಿಲ್ಲ.”

“ಇರ್ಲಿ ತಗೋ. ಸತ್ತ ಸುದ್ದಿ ಬಂದ್ರ ಆಯುಷ್ಯ ಹೆಚ್ಚಾಗ್ತದಂತ” ಎಂದು ಅಜ್ಜ ಕೋಲು ಗೋಡೆಗೆ ಆನಿಸಿ ಕುಳಿತರು. ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮಾಲೀಕರು ಎದ್ದರು.

“ಚಾಚಾಗ ವಯಸ್ಸಾಗ್ಯಾದ್ರಿ. ಕಣ್ಣು ಕಾಣಂಗಿಲ್ಲ. ನಾಳಿಂದ ಮನ್ಯಾಗ ಆರಾಮ ಇರ್ಲಿ.”

“ಎಡಗಡಿ ಮಾನಿಟರ್ ತಗದವರು ಯಾರ್ರಿ?” ಎಂದು ನಾನು ಕೇಳಿದೆ.

“ಮಾಸ್ತರ, ನಿಮಗ ಕಂಪ್ಯೂಟರಿಂದು ಏನ್ ತಿಳೀತದ? ಅಲ್ಲಿ ಎರಡನೇದು ಯಾವಾಗಿತ್ತು?”

ನನ್ನನ್ನು ಹೀಗಳೆದದ್ದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಆದರೆ ಅದಕ್ಕಿಂತ ಹೆಚ್ಚು ಸುಟ್ಟದ್ದು ಬೆಂಚಿನ ಮೌನ. ಸಗರದ ಅಜ್ಜನನ್ನು ಬಿಟ್ಟರೆ ಅಲ್ಲಿದ್ದ ಪ್ರತಿಯೊಬ್ಬರೂ ತಮ್ಮ ಮಕ್ಕಳ ಪತ್ರಿಕೆಯನ್ನು ಆ ಮಾನಿಟರಿನಲ್ಲೇ ಕಂಡು ಹೂಂ ಎಂದವರು. ಅಂದು ಒಬ್ಬರ ಬಾಯಿಂದಲೂ “ಇತ್ತು” ಎಂಬ ಮಾತು ಹೊರಡಲಿಲ್ಲ. ಚಾಚಾ ಕನ್ನಡಕದ ಬಟ್ಟೆ ಮಡಚಿ ಜೇಬಿಗಿಟ್ಟುಕೊಂಡು ಹೊರಟರು.

ಕೆಲಸ ಹೋದದ್ದನ್ನು ಅವರು ತಡೆದುಕೊಂಡರು. ‘ಎರಡನೇದು ಯಾವಾಗಿತ್ತು’ ಎಂಬ ಆ ಒಂದು ಮಾತನ್ನು ತಡೆದುಕೊಳ್ಳಲಾಗಲಿಲ್ಲ. ನಾನು ಮನೆಗೆ ಹೋದಾಗಲೆಲ್ಲ ಮಂಚದಲ್ಲಿ ಕುತ್ತಿಗೆ ಎಡಕ್ಕೆ ಹೊರಳಿಸಿ ಕೇಳುತ್ತಿದ್ದರು: “ಇತ್ತಲ್ರಿ ಮಾಸ್ತರ? ನೀವು ನೋಡೀರಲ್ಲ? ಒಮ್ಮೊಮ್ಮೆ ನನಗೇ ಶಕ್ ಬರ್ತದ.”

“ಇತ್ತು ಚಾಚಾ. ನಾ ನೋಡೀನಿ” ಎನ್ನುತ್ತಿದ್ದೆ. ತೀರಿಕೊಳ್ಳುವ ಹಿಂದಿನ ವಾರವೂ ಕೇಳಿದರು, ನಾನೂ ಹೇಳಿದೆ. ನಂಬಿದರೋ ಇಲ್ಲವೋ ತಿಳಿಯದು.

ಅವರನ್ನು ದಫನ್ ಮಾಡಿದ ಮರುದಿನ ಮುದ್ರಣಾಲಯದ ಮುಂದೆ ಅವರ ಭಾವಚಿತ್ರದ ದೊಡ್ಡ ಫ್ಲೆಕ್ಸ್ ನಿಂತಿತ್ತು. ನಮ್ಮ ಸಂಸ್ಥೆಯ ಆಧಾರಸ್ತಂಭ ಎಂದು ಅಚ್ಚು ಹಾಕಿಸಿದ್ದರು. ಈ ಸಲ ‘ದಿವಂಗತ’ ಸರಿಯಾದ ಹೆಸರಿನ ಹಿಂದಿತ್ತು. ನಾನು ಒಳಗೆ ಹೋದೆ. ಮಾಲೀಕರು ಕುರ್ಚಿಯಲ್ಲಿದ್ದರು; ಮೇಲೆ ಗೋಡೆಯ ಮಾನಿಟರಿನಲ್ಲಿ ಖಾಲಿ ಬೆಂಚು ಕಾಣುತ್ತಿತ್ತು. ಒಂದು ಮಾತೂ ಆಡದೆ ತಿರುಗಿ ಬಂದೆ. ಅಂದು ಆಡದ ಮಾತನ್ನು ಮಾಲೀಕರಿಗೂ ಆ ಬೆಂಚಿನವರಿಗೂ ಇಲ್ಲಿ ಕೇಳುತ್ತಿದ್ದೇನೆ: ಎರಡನೆಯದು ಇರಲೇ ಇಲ್ಲವೆಂದಾದರೆ, ಆ ಗೋಡೆಯ ಮಾನಿಟರ್‌ನ ಮೂಲೆಯಲ್ಲಿ ಇನ್ನೂ ಅಂಟಿಕೊಂಡಿರುವ ಕುಂಕುಮ ಯಾರ ಮನೆಯ ಮದುವೆಯದು?