ಉಪ್ಪಕ್ಕನ ಅಂಗೈ

ನಮ್ಮ ದೊಡ್ಡತ್ತಿಗೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ರಾತ್ರಿ ಪಾಳಿಯವರಿಗೆ ಅಡುಗೆ ಮಾಡುತ್ತಿದ್ದಳು. ಅಲ್ಲಿ ಎಲ್ಲರ ಬಾಯಲ್ಲೂ ಅವಳು ಉಪ್ಪಕ್ಕ. ನಾನು ಅಲ್ಲೇ ಪಾತ್ರೆ ತೊಳೆಯುವವಳು. ಸೌಟಿನಿಂದ ಸಾರು ಅಂಗೈಗೆ ಸುರಿದುಕೊಂಡು, ನೆಕ್ಕಿ, ಅವಳು "ಉಪ್ಪು ಸಾಕು" ಎಂದರೆ ಮುಗಿಯಿತು. ಮ್ಯಾನೇಜರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಆಮೇಲೆ ಅವಳಿಗೆ ಕ್ಯಾನ್ಸರ್ ಬಂತು. ಚಿಕಿತ್ಸೆಯಿಂದ ಕ್ಯಾನ್ಸರ್ ಹೋಯಿತು, ಸುಸ್ತು ಹೋಗಲಿಲ್ಲ. ಮನೆಯ ಮೆಟ್ಟಿಲು ಹತ್ತುವಾಗ ನಡುವೆಯೇ ಕುಸಿದು ಕೂರುತ್ತಿದ್ದಳು. ಒಲೆಯ ಮುಂದೆ ಸ್ಟೂಲ್ ಹಾಕಿಕೊಂಡದ್ದನ್ನು ಕಂಡು ಮ್ಯಾನೇಜರ್, "ಹೀಗೇ ಆದ್ರೆ ಬೇರೆಯವ್ರನ್ನ ನೋಡ್ಬೇಕಾಗುತ್ತೆ ಅಕ್ಕ" ಎಂದ. ಅವಳ ಜೀವವೇ ಆ ಒಲೆಯಲ್ಲಿತ್ತು. ನಮ್ಮಣ್ಣ ಸತ್ತಾಗಲೂ ಅದರ ಮುಂದೆ ನಿಂತೇ ಅತ್ತವಳು.

ಆಸ್ಪತ್ರೆಯ ನರ್ಸ್ ಒಂದು ದಾರಿ ಹೇಳಿದಳು. "ಕತ್ತಲಾಗೋದ್ರೊಳಗೆ ಊಟ ಮುಗ್ಸಿ. ಬೆಳಿಗ್ಗೆ ತನಕ ನೀರು ಬಿಟ್ಟು ಏನೂ ಬೇಡ. ಕೆಲವ್ರಿಗೆ ಸುಸ್ತು ಕಮ್ಮಿ ಆಗುತ್ತೆ. ಎಲ್ರಿಗೂ ಅಂತ ಹೇಳಲ್ಲ."

ಅತ್ತಿಗೆ ಹಾಗೇ ಮಾಡಿದಳು. ಏನೂ ಆಗಲಿಲ್ಲ. ಮುಂದಿನ ಸಲ ಇಬ್ಬರೂ ಆಸ್ಪತ್ರೆಗೆ ಹೋದಾಗ, "ಕತ್ತಲಾದ್ಮೇಲೆ ಒಂದಗುಳೂ ಮುಟ್ಟಲ್ಲಮ್ಮ" ಎಂದಳು. ನನಗೆ ತಡೆಯಲಾಗಲಿಲ್ಲ.

"ಪಾತ್ರೆಪಾತ್ರೆಗೂ ಅಂಗೈ ನೆಕ್ತಾಳೆ, ಕೇಳಿ!"

"ಅದೇನು ಊಟನೇನೇ? ಅದು ಕೆಲ್ಸ!"

ನರ್ಸ್ ನಕ್ಕಳು. "ಹೊಟ್ಟೆಗೆ ಅದೆಲ್ಲ ಗೊತ್ತಾಗಲ್ಲ ಅಕ್ಕ."

ಹಿಡಿದ ಹಟ ಬಿಡುವ ಪೈಕಿಯಲ್ಲ ನಮ್ಮ ಅತ್ತಿಗೆ. ಅಂದಿನಿಂದಲೇ ರುಚಿ ನೋಡುವುದನ್ನು ಬಿಟ್ಟಳು. ನಾನು ನೋಡಲೇ ಎಂದರೆ, "ನಿನ್ನ ನಾಲಿಗೆ ನಂಬಿ ಅಡುಗೆ ಇಳಿಸ್ಲಾ? ನನ್ನ ಕೈಯೇ ಅಳತೆ" ಎಂದು ಗದರಿದಳು. ದಿನ ಕಳೆದಂತೆ ಮುಖಕ್ಕೆ ಕಳೆ ಬಂತು. ಸ್ಟೂಲ್ ಮೂಲೆ ಸೇರಿತು. ನಾನೂ ಮೂರ್ಖಳ ಹಾಗೆ ಹಿಗ್ಗಿದೆ.

ಆದರೆ ಕ್ಯಾನ್ಸರಿನ ಆ ಹಾಳು ಔಷಧ ಅವಳ ಬೆರಳುಗಳಿಗೆ ಜೋಮು ಹಿಡಿಸಿತ್ತು. ಹಿಡಿಯಲ್ಲಿ ಉಪ್ಪೆಷ್ಟಿದೆ ಎಂದು ಹಿಡಿಗೇ ತಿಳಿಯುತ್ತಿರಲಿಲ್ಲ. ಇಷ್ಟು ದಿನ ಕೈ ತಪ್ಪಿದ್ದನ್ನು ನಾಲಿಗೆ ತಿದ್ದುತ್ತಿತ್ತು, ಅದು ಅವಳಿಗೂ ಗೊತ್ತಿರಲಿಲ್ಲ. ಉಪ್ಪು ಹೆಚ್ಚಾದದ್ದು ಒಂದು ದಿನವಾದರೆ ಜನ ನಕ್ಕು ಬಿಡುತ್ತಿದ್ದರು. ವಾರವಿಡೀ ತಟ್ಟೆಗಳು ತುಂಬಿದ ಹಾಗೇ ನನ್ನ ತೊಟ್ಟಿಗೆ ಬಂದವು.

"ರುಚಿ ನೋಡ್ಲಿಲ್ವಾ ಉಪ್ಪಕ್ಕ?" ಮ್ಯಾನೇಜರ್ ಎಲ್ಲರೆದುರು ಕೇಳಿದ.

ಅವಳು ಸೌಟು ಎತ್ತಿಕೊಂಡಳು. "ಇನ್ಮೇಲೆ ನೋಡ್ತೀನಿ."

"ಇನ್ಮೇಲೆ ಬೇಡ ಬಿಡಿ."

ಸೌಟು ಆಲೂಗಡ್ಡೆ ಸುಲಿಯುವವಳ ಕೈಗೆ ಹೋಯಿತು.

ನಾನೂ ಸೆರಗಿಗೆ ಕೈ ಒರೆಸಿಕೊಂಡು ಅತ್ತಿಗೆಯ ಹಿಂದೆಯೇ ಹೊರಟೆ. ಅವಳು ಮನೆಯ ಮೆಟ್ಟಿಲನ್ನು ಸರಸರನೆ ಹತ್ತಿದಳು. ಏದುಸಿರು ಬಿಡುತ್ತ ಕೆಳಗೇ ಉಳಿದವಳು ನಾನು. ಬಾಗಿಲ ಬಳಿ ನಿಂತು ತಿರುಗಿ ನೋಡಿದಳು.

"ಒಂದ್ ಕಡೇನೂ ಕೂರ್ಲಿಲ್ಲ, ನೋಡ್ದೇನೇ?" ಎಂದಳು. "ಈ ಶಕ್ತಿ ಇಟ್ಕೊಂಡು ನಾನೀಗ ಏನ್ ಮಾಡ್ಲಿ?"