ಪಾದುಕೆ ಹೊತ್ತ ಅಧ್ಯಕ್ಷರು

ಚಿತ್ರಕಲಾ ಶಾಲೆಯಲ್ಲಿ ಪ್ರತಿ ವರ್ಷ ಅದೇ ಪಾಠ, ಅವೇ ಸ್ಲೈಡುಗಳು. ಇಟಲಿಯ ಚರ್ಚಿನ ಗೋಡೆಗಳ ತುಂಬ ಯೇಸುವಿನ ಕಥೆ; ಕೂಸನ್ನು ನೋಡಲು ಬಂದ ರಾಜರ ಪರಿವಾರದಲ್ಲಿ ಊರನ್ನಾಳುವ ಸಾಹುಕಾರನ ಮನೆಮಂದಿಯ ಮುಖಗಳು. ದೇವರಿಗೆ ಮುಗಿದ ಕೈ ಅವನಿಗೂ ಮುಗಿದಂತಾಗಬೇಕು. ‘ಇದು ಭಕ್ತಿಯಷ್ಟೇ ಅಲ್ಲ, ಪ್ರಚಾರ’ ಎಂದು ಹೇಳುತ್ತಿದ್ದೆ. ಹುಡುಗರು ಆಕಳಿಸುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ಯಲಹಂಕದ ನಮ್ಮ ಬೀದಿಯ ರಾಮಮಂದಿರದ ಗೋಡೆಗೆ ರಾಮಾಯಣ ಬರೆಯುವ ಕೆಲಸ ನನಗೆ ಬಂತು. ಆ ವರ್ಷವೇ ಅಮ್ಮ ತೀರಿಕೊಂಡಿದ್ದಳು. ಫೋಟೋ ತೆಗೆಸಿದರೆ ಆಯುಷ್ಯ ಕಮ್ಮಿಯಾಗುತ್ತದೆ ಎಂದು ನಂಬಿದ್ದವಳು. ಮನೆಯಲ್ಲಿ ಅವಳದೊಂದೂ ಫೋಟೋ ಇರಲಿಲ್ಲ. ಶಬರಿಗೆ ಅವಳ ಮುಖ ಕೊಡೋಣ ಎಂದುಕೊಂಡೆ. ಆ ಮುಖ ಉಳಿಯಲೆಂದೇ, ಇಟಲಿಯವರ ಹಾಗೆ ಹಸಿ ಸುಣ್ಣದ ಗಾರೆಯ ಮೇಲೆ ಬರೆಯುತ್ತೇನೆ, ಬಣ್ಣ ಗೋಡೆಯೊಳಗೇ ಇಳಿದುಬಿಡುತ್ತದೆ ಎಂದು ಸಮಿತಿಯ ಅಧ್ಯಕ್ಷರಿಗೆ ಹೇಳಿದೆ.

“ಗಾರೆ ಗೀರೆ ಬೇಡ ಮೇಷ್ಟ್ರೇ, ಡಿಸ್ಟೆಂಪರ್ ಸಾಕು” ಎಂದರು. “ನಾಳೆ ಏನಾದ್ರೂ ಬದಲಾಯಿಸ್ಬೇಕು ಅಂದ್ರೆ?” ಆಮೇಲೆ ದನಿ ತಗ್ಗಿಸಿದರು. “ಪಾದುಕೆ ಹೊತ್ಕೊಂಡಿರ್ತಾನಲ್ಲ ಭರತ, ಅವನಿಗೆ ನನ್ನ ಮುಖ ಇಡಿ. ಪಾರ್ಟಿ ದೊಡ್ಡೋರಿಗೆ ನಾನೆಷ್ಟು ನಿಯತ್ತಾಗಿದೀನಿ ಅಂತ ಜನಕ್ಕೂ ಗೊತ್ತಾಗ್ಲಿ.”

ಇಟ್ಟೆ. ಮುಂದಿನ ಎಲೆಕ್ಷನ್ನಿನಲ್ಲಿ ಆ ಪಾರ್ಟಿ ಸೋತಿತು. ಗಾಳಿ ಬಂದಾಗ ತೂರಿಕೊಳ್ಳುವುದು ಅಧ್ಯಕ್ಷರಿಗೆ ಯಾರೂ ಕಲಿಸಬೇಕಿರಲಿಲ್ಲ. ಗೆದ್ದ ಕಡೆ ಸೇರಿಕೊಂಡರು. “ಈಗ ನನ್ನ ವಿಭೀಷಣ ಮಾಡ್ಬೇಕಲ್ಲ ಮೇಷ್ಟ್ರೇ. ಧರ್ಮಕ್ಕೋಸ್ಕರ ಅಣ್ಣನ್ನೇ ಬಿಟ್ಟು ಬಂದೋನು.” ನನಗೆ ನಗು ಕೂಡ ಬರಲಿಲ್ಲ, ಅಷ್ಟು ಸಾಕಾಗಿತ್ತು. ಒದ್ದೆ ಬಟ್ಟೆಯಲ್ಲಿ ಭರತನ ಮುಖ ಒರೆಸಿ, ಅದನ್ನೇ ಒಯ್ದು ವಿಭೀಷಣನಿಗೆ ಇಟ್ಟೆ. ರಾಮನವಮಿಗೆ ಪಾನಕ ಕುಡಿಯಲು ಬಂದ ಜನ ಎಲ್ಲರಿಗೂ ಸೇರಿಸಿ ಕೈಮುಗಿದರು. ನಾನು ಅಮ್ಮನ ಮುಖದ ಶಬರಿಯೊಬ್ಬಳನ್ನು ನೋಡಿ ಮನೆಗೆ ಹೋದೆ.

ಕೆಲವು ವರ್ಷಗಳಲ್ಲಿ ಸಮಿತಿಯೇ ಬದಲಾಯಿತು. ಹೊಸ ಅಧ್ಯಕ್ಷರಿಗೆ ಆ ವಿಭೀಷಣನನ್ನು ಕಂಡರಾಗದು. ಒಂದು ಮುಖಕ್ಕಾಗಿ ಇಡೀ ಗೋಡೆ ತೊಳೆಸಿದರು. ಶಾಲೆ ಮುಗಿಸಿ ನಾನು ಬರುವಷ್ಟರಲ್ಲಿ ರಾಮಾಯಣವೆಲ್ಲ ಬಗ್ಗಡದ ನೀರಾಗಿ ಮೆಟ್ಟಿಲಿಳಿದು ಚರಂಡಿ ಸೇರುತ್ತಿತ್ತು.

“ಮತ್ತೆ ನೀವೇ ಬರೀಬೇಕು ಮೇಷ್ಟ್ರೇ” ಎಂದರು ಹೊಸಬರು. ಶಬರಿಗಾಗಿ ಒಪ್ಪಿಕೊಂಡೆ.

ಮೊದಲು ಅವಳನ್ನೇ ಬರೆಯಲು ಕುಳಿತೆ. ಅಮ್ಮನ ಹುಬ್ಬು ಹೇಗಿತ್ತು, ನಕ್ಕಾಗ ಕೆನ್ನೆ ಎಲ್ಲಿ ಮಡಿಚಿಕೊಳ್ಳುತ್ತಿತ್ತು, ಒಂದೂ ನೆನಪಾಗಲಿಲ್ಲ. ಕೊನೆಗೆ ಕೈ ಹೋದ ಹಾಗೆ ಹೋಗಲಿ ಎಂದು ಬಿಟ್ಟೆ. ಇದ್ದಿಲಿನ ಗೆರೆಗಳಲ್ಲಿ ಮೂಡಿದ್ದು ಹಳೆಯ ಅಧ್ಯಕ್ಷರ ಮುಖ.